ಗುಳೆಯ ಲಕ್ಷಣವಿಚಾರ

ತಾತ್ಕಾಲಿಕ ವಲಸೆಗಾರರಾದ ಕೂಲಿಕಾರರ ಅಭದ್ರ ಸ್ಥಿತಿಯನ್ನು ಕುರಿತು ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಶೋಧನ ಪ್ರಬಂಧಗಳನ್ನು ಬರೆಯುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಇಂತಹ ಪ್ರಬಂಧಗಳಲ್ಲಿ ಮೊದಲನೆಯ ಅಧ್ಯಾಯದಲ್ಲಿಯೇ ಒಂದು ದೋಷವು ಹೊಕ್ಕರೆ ಕಡೆಯವರೆಗೂ ಬಿಡದು. ಅದು ಲಕ್ಷಣದ ದೋಷ.

‘ವಲಸೆ’ ಎಂಬ ಮಾತು ಹಿಂದೆ ದಂಡಿನ ಭಯದಿಂದ ಊರನ್ನು ತೊರೆದು ಓಡುವುದಕ್ಕೆ ಸಲ್ಲುತ್ತಿತ್ತು. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಜನರ ಬಾಯಲ್ಲಿರುವುದು ‘ಗುಳೆ’. ಮಳೆ ಕೈಕೊಟ್ಟಾಗ ಮಲೆನಾಡಿನ ಕಾಫಿ ತೋಟಕ್ಕೋ ಮಂಡ್ಯದ ಕಬ್ಬಿನ ಗದ್ದೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗಿ, ಬಿತ್ತನೆಯ ಹೊತ್ತಿಗೆ ಮರಳುವುದು ಗುಳೆ. ಮರಳುವಿಕೆಯು ಇಂದಿನ ಬಳಕೆಯಲ್ಲಿ ಆ ಶಬ್ದದ ಒಳಗೇ ಇದೆ. ಎಲ್ಲೆಡೆಯೂ ‘ವಲಸೆ’ ಎಂದೇ ಬರೆದರೆ ಈ ಭೇದವು ಅಳಿಯುತ್ತದೆ.

ಇನ್ನು ಕಾಲದ ಮಾತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೆಯ ಸುತ್ತು (2007–08) ಉದ್ಯೋಗಕ್ಕಾಗಿ ವರ್ಷದಲ್ಲಿ ಒಂದು ತಿಂಗಳಿಗೆ ಕಡಮೆಯಿಲ್ಲದೆ, ಆರು ತಿಂಗಳನ್ನು ಮುಟ್ಟದೆ ಹೊರಗಿದ್ದವರನ್ನು ಅಲ್ಪಕಾಲಿಕ ವಲಸೆಗಾರರೆಂದು ಎಣಿಸಿತು. ಈ ಲಕ್ಷಣವನ್ನು ಪರೀಕ್ಷಿಸದೆ ಎತ್ತಿಕೊಂಡರೆ ಏಳು ತಿಂಗಳು ಕಬ್ಬು ಕಡಿದು ಊರಿಗೆ ಬಂದವನು ಹೊರಗುಳಿಯುತ್ತಾನೆ: ಇದು ಅವ್ಯಾಪ್ತಿ. ಮೂರು ತಿಂಗಳ ಮಟ್ಟಿಗೆ ಪರಸ್ಥಳಕ್ಕೆ ಹೋದ ತಿಂಗಳ ಸಂಬಳದ ಅಧಿಕಾರಿಯು ಒಳಗೆ ಬರುತ್ತಾನೆ: ಇದು ಅತಿವ್ಯಾಪ್ತಿ. ತರ್ಕದ ಮೊದಲ ಪಾಠವನ್ನು ಓದಿದ ಬಾಲಕನೂ ಇದನ್ನು ಹಿಡಿಯಬಲ್ಲನು.

ಹೊಸಪೇಟೆಗೂ ಬಳ್ಳಾರಿಗೂ ನಡುವಣ ಹೆದ್ದಾರಿಯ ಮೇಲಿರುವ ಪಾಪಿನಾಯಕನಹಳ್ಳಿಯ ಸುತ್ತಿನ ಗಣಿಗಳನ್ನು ನೋಡಿದರೆ ವಿಷಯವು ಇನ್ನೂ ವಿಶದವಾಗುತ್ತದೆ. ಹೊರಗಿನಿಂದ ಬಂದು ಗುಡಿಸಲಲ್ಲಿ ಹತ್ತು ವರ್ಷ ಕಳೆದರೂ ಗುತ್ತಿಗೆಯ ಕೂಲಿಯವನು ತಾತ್ಕಾಲಿಕನೇ. ತಾತ್ಕಾಲಿಕತೆಯು ವಾಸಕ್ಕೆ ಸೇರಿದ ಧರ್ಮವಲ್ಲ, ಒಪ್ಪಂದಕ್ಕೆ ಸೇರಿದ್ದು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿದಾಗ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ತಾನು ಅಲ್ಲಿ ದುಡಿದೆನೆಂಬುದಕ್ಕೇ ಸಾಕ್ಷ್ಯವಿಲ್ಲದಾಯಿತು. ಆದುದರಿಂದ ‘ಎಷ್ಟು ತಿಂಗಳಿಂದ ಇದ್ದೀರಿ?’ ಎಂಬ ಪ್ರಶ್ನೆಗಿಂತ ‘ಕೂಲಿಗೆ ಹೊಣೆ ಯಾರು?’ ಎಂಬ ಪ್ರಶ್ನೆಯು ಪ್ರಶ್ನಾವಳಿಯಲ್ಲಿ ಮೊದಲು ನಿಲ್ಲತಕ್ಕದ್ದು.

ಶಾಸನದಲ್ಲಿಯೂ ಇದೇ ತೊಡಕು. ಒಂದೇ ಅದಿರಿನ ರಾಶಿಯ ಬಳಿ ದುಡಿಯುವ ಇಬ್ಬರಲ್ಲಿ ಮೇಸ್ತ್ರಿಯು ಅನಂತಪುರದಿಂದ ಕರೆತಂದವನು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಗೆ ವಿಷಯನಾದನು. ಕೂಡ್ಲಿಗಿಯಿಂದ ಬಂದವನು ಆಗಲಿಲ್ಲ. ಆ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡ 2020ರ ಸಂಹಿತೆಯು ಮೇಸ್ತ್ರಿಯಿಲ್ಲದೆ ತಾನಾಗಿ ಬಂದವನನ್ನೂ ಗಣನೆಗೆ ತಂದಿತು. ರಾಜ್ಯದ ಗಡಿಯನ್ನು ದಾಟಿರಬೇಕೆಂಬ ನಿಬಂಧನೆ ಮಾತ್ರ ಹಾಗೆಯೇ ಉಳಿಯಿತು.