‘ಶಿಲುಬೆ’: ಒಂದು ಬಕಾರದ ಸಾಕ್ಷ್ಯ

ಅತ್ತಿಗುಪ್ಪೆಯಲ್ಲಿ ‘ಕ್ರಾಸ್’ ಎಂದರೆ ಅಡ್ಡರಸ್ತೆ. ‘ಮೂರನೇ ಕ್ರಾಸಿನಲ್ಲಿ ಬಲಕ್ಕೆ ತಿರುಗಿ’ ಎಂದು ದಾರಿ ಹೇಳುವವರಿಗೆ, ಅವರು ಕ್ರೈಸ್ತರೇ ಆಗಿದ್ದರೂ, ಆ ಕ್ಷಣದಲ್ಲಿ ಕ್ರಿಸ್ತನ ಮರಣಸಾಧನ ನೆನಪಾಗುವುದಿಲ್ಲ. ಲ್ಯಾಟಿನ್ನಿನ ‘ಕ್ರುಕ್ಸ್’ ಇಂಗ್ಲಿಷಿನ ಮೂಲಕ ಬೆಂಗಳೂರಿನ ಕನ್ನಡಕ್ಕೆ ಬಂದಾಗ ತನ್ನ ಆಕಾರವನ್ನು ಮಾತ್ರ ತಂದಿತು. ಧಾರ್ಮಿಕ ಅರ್ಥವು ಅದಾಗಲೇ ‘ಶಿಲುಬೆ’ಯ ಪಾಲಾಗಿತ್ತು. ಈ ಹಂಚಿಕೆ ಕಟ್ಟುನಿಟ್ಟಾದುದು: ಸಂಕಲನ ಚಿಹ್ನೆಯನ್ನಾಗಲಿ ನಾಲ್ಕು ದಾರಿ ಕೂಡುವ ಸ್ಥಳವನ್ನಾಗಲಿ ಕನ್ನಡಿಗರು ಶಿಲುಬೆ ಎನ್ನುವುದಿಲ್ಲ. ಹೀಗೆ ಅರ್ಥದಲ್ಲಿ ಇಷ್ಟು ಸ್ಥಿರವಾಗಿರುವ ಪದದ ವ್ಯುತ್ಪತ್ತಿಯನ್ನು ನಾವು ಅಷ್ಟೇ ಎಚ್ಚರದಿಂದ ನೋಡಿದ್ದೇವೆಯೇ ಎಂಬುದು ಈ ವಿಮರ್ಶೆಯ ಪ್ರಶ್ನೆ.

ಕನ್ನಡದ ಕ್ರೈಸ್ತ ಪದಗಳೆಂದೊಡನೆ ಪೋರ್ಚುಗೀಸ್ ಎರವಲುಗಳ ಪಟ್ಟಿ ಕೈಗೆ ಬರುತ್ತದೆ. ‘ಪಾದ್ರಿ’, ‘ಇಗರ್ಜಿ’ ಅದರಲ್ಲಿ ನ್ಯಾಯವಾಗಿಯೇ ಇವೆ. ಶಿಲುಬೆಗೆ ಅಲ್ಲಿ ಸ್ಥಳವಿಲ್ಲ. ಪೋರ್ಚುಗೀಸಿನ ‘ಕ್ರೂಜ್’ ಕೊಂಕಣಿಯಲ್ಲಿ ‘ಖುರಿಸ್’ ಆಯಿತು, ಮಲಯಾಳದಲ್ಲಿ ‘ಕುರಿಶ್’ ಆಯಿತು. ಶಿಲುಬೆಯ ಮೂಲ ಸಿರಿಯಾಕಿನ ‘ಸ್ಲೀಬಾ’. ಅದರ ಧಾತುವೇ ಅರಬ್ಬಿಯ ‘ಸಲೀಬ್’ನಲ್ಲಿಯೂ ಇದೆ. ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಸಿರಿಯಾಕನ್ನು ಆರಾಧನಾ ಭಾಷೆಯಾಗಿ ಶತಮಾನಗಳ ಕಾಲ ಉಳಿಸಿಕೊಂಡ ಕೇರಳದಲ್ಲಿ ದಿನಬಳಕೆಯ ಮಾತು ಪೋರ್ಚುಗೀಸ್ ಮೂಲದ್ದು. ಸಿರಿಯಾಕ್ ಸಭೆಗಳ ನೆಲೆಯಲ್ಲದ ಕನ್ನಡ, ತೆಲುಗು ನಾಡುಗಳಲ್ಲಿ ಉಳಿದದ್ದು ಸಿರಿಯಾಕ್ ಪದ.

ಮೂಲ ಸಿರಿಯಾಕ್ ಎಂದು ಒಪ್ಪುವವರೂ ಮುಂದಿನ ಹೆಜ್ಜೆಯಲ್ಲಿ ಅವಸರಪಡುತ್ತಾರೆ. ತಮಿಳಿನಲ್ಲಿ ‘ಸಿಲುವೈ’ ಇದೆ, ಆದ್ದರಿಂದ ಕನ್ನಡದ್ದು ತಮಿಳಿನಿಂದ ಬಂದದ್ದು, ಎಂದು. ನಮ್ಮ ತರಗತಿ ಟಿಪ್ಪಣಿಗಳಲ್ಲಿಯೂ ಬಹುಕಾಲ ಹೀಗೆಯೇ ಇತ್ತು, ಪ್ರಶ್ನಿಸಿದವರು ವಿದ್ಯಾರ್ಥಿಗಳು. ಅಂತ್ಯಸ್ವರ ಈ ವಾದಕ್ಕೆ ಅನುಕೂಲವಾಗಿಯೇ ಇದೆ: ತಮಿಳಿನ ಐಕಾರಕ್ಕೆ ಕನ್ನಡದಲ್ಲಿ ಎಕಾರ ಬರುವುದು ‘ಮಲೈ–ಮಲೆ’ಯಷ್ಟು ಹಳೆಯ ಸಂಗತಿ. ಆದರೆ ಸಂಸ್ಕೃತದ ‘ಮಾಲಾ’ ತಮಿಳಿನಲ್ಲಿ ‘ಮಾಲೈ’, ಕನ್ನಡದಲ್ಲಿ ‘ಮಾಲೆ’ ಆದಂತೆ, ಆಕಾರಾಂತವಾದ ‘ಸ್ಲೀಬಾ’ವನ್ನು ಎರಡು ಭಾಷೆಗಳೂ ಬೇರೆಬೇರೆಯಾಗಿ ಒಗ್ಗಿಸಿಕೊಂಡಿರಬಹುದಲ್ಲವೆ? ಅಂತ್ಯಸ್ವರವು ಎರಡೂ ಪಕ್ಷಗಳಿಗೆ ಸಾಕ್ಷಿ ಹೇಳುತ್ತದೆ, ಅಂದರೆ ಯಾರಿಗೂ ಹೇಳುವುದಿಲ್ಲ. ಶಕಾರವೂ ನಿರ್ಣಾಯಕವಲ್ಲ. ‘ಸೀರೆ’ಯನ್ನು ‘ಶೀರಿ’ ಎನ್ನುವ ಉತ್ತರ ಕರ್ನಾಟಕದ ಉಚ್ಚಾರಣೆಯನ್ನು ಬಲ್ಲವರಿಗೆ ಇಕಾರದ ಮುಂದೆ ಸಕಾರ ಶಕಾರವಾಗುವುದು ಹೊಸತಲ್ಲ.

ತೊಡಕು ಇರುವುದು ಬಕಾರದಲ್ಲಿ. ತಮಿಳಿನಲ್ಲಿ ‘ಸಿಲುವೈ’, ತೆಲುಗಿನಲ್ಲಿ ‘ಸಿಲುವ’; ಕನ್ನಡದಲ್ಲಿ ಮಾತ್ರ ಬಕಾರ. ಕನ್ನಡದಲ್ಲಿ ವಕಾರ ಬಕಾರವಾಗುತ್ತದೆ ಎಂಬ ಸೂತ್ರವನ್ನು ಇಲ್ಲಿ ಹಚ್ಚುವಂತಿಲ್ಲ. ‘ವನ–ಬನ’, ‘ವರ್ಣ–ಬಣ್ಣ’ ಎಂಬಲ್ಲಿ ಅದು ಪದಾದಿಯ ನಿಯಮ. ಸ್ವರಮಧ್ಯದ ಒಂಟಿ ವಕಾರ ನಿಲ್ಲುತ್ತದೆ: ಗೆಲುವು, ಹಲವು, ಎಲ್ಲಕ್ಕಿಂತ ಮುಖ್ಯವಾಗಿ ‘ಚೆಲುವೆ’. ‘ಶಿಲುವೆ’ ಎಂಬ ರೂಪ ಕನ್ನಡಕ್ಕೆ ಬಂದಿದ್ದರೆ ‘ಚೆಲುವೆ’ಯ ಜೊತೆಗೆ ಅದು ಸುಖವಾಗಿ ಬಾಳುತ್ತಿತ್ತು. ‘ಎಲುವು–ಎಲುಬು’ ಜೋಡಿಯನ್ನು ಯಾರಾದರೂ ಎದುರಿಗಿಡಬಹುದು. ಆದರೆ ತಮಿಳಿನ ‘ಎಲುಂಬು’ ತೋರಿಸುವಂತೆ ಅಲ್ಲಿನ ಬಕಾರದ ಹಿಂದೆ ಅನುನಾಸಿಕಯುಕ್ತ ಸ್ಪರ್ಶವಿದೆ. ಆ ಉದಾಹರಣೆ ಇಲ್ಲಿಗೆ ಸಲ್ಲದು.

ವಿರುದ್ಧ ದಿಕ್ಕಿನ ಬದಲಾವಣೆಗೆ ಅಡ್ಡಿಯಿಲ್ಲ. ‘ಪಾಪ’ವನ್ನು ‘ಪಾವಂ’ ಮಾಡುವ ತಮಿಳು ಸ್ವರಮಧ್ಯದ ಓಷ್ಠ್ಯ ಸ್ಪರ್ಶವನ್ನು ವಕಾರಕ್ಕೆ ಸಡಿಲಿಸಬಲ್ಲದು. ಆದ್ದರಿಂದ ‘ಸಿಲುವೈ’ಯ ವಕಾರದಿಂದ ಮೂಲದಲ್ಲಿ ವಕಾರವಿತ್ತೇ ಬಕಾರವಿತ್ತೇ ಎಂದು ತಿಳಿಯದು. ಕನ್ನಡವಾದರೋ ‘ಗುಲಾಬಿ’, ‘ಜವಾಬು’, ‘ನಸೀಬು’ಗಳ ಬಕಾರವನ್ನು ಮುಟ್ಟದೆ ಇಟ್ಟುಕೊಂಡ ಭಾಷೆ. ಸಿರಿಯಾಕಿನಲ್ಲಿಯೇ ಎರಡು ಉಚ್ಚಾರಣಾ ಸಂಪ್ರದಾಯಗಳಿವೆ: ಸ್ವರದ ನಂತರದ ಈ ಅಕ್ಷರ ಪೂರ್ವದ ಸಂಪ್ರದಾಯದಲ್ಲಿ ವಕಾರದತ್ತ ವಾಲುತ್ತದೆ, ಪಶ್ಚಿಮದಲ್ಲಿ ಬಕಾರವಾಗಿಯೇ ಉಳಿಯುತ್ತದೆ. ಕೇರಳದ ಕ್ರೈಸ್ತರಲ್ಲಿ ‘ಸ್ಲೀವಾ’, ‘ಸ್ಲೀಬಾ’ ಎರಡೂ ಕೇಳಿಬರುವುದು ಇದರಿಂದ. ಪಶ್ಚಿಮದ ಸಂಪ್ರದಾಯ ಮಲಬಾರಿನಲ್ಲಿ ಬೇರೂರಿದ್ದು 1665ರಲ್ಲಿ ಜೆರುಸಲೇಮಿನ ಮಾರ್ ಗ್ರಿಗೋರಿಯೋಸರು ಬಂದ ಮೇಲೆ. ಅರಬ್ಬಿಯ ‘ಸಲೀಬ್’ ನೇರ ಆಕರವಾಗಿರಲಾರದು. ಅದು ‘ಸಲೀಬು’ ಆಗಬೇಕಿತ್ತು, ಅಂತ್ಯದ ಎಕಾರಕ್ಕೆ ಅಲ್ಲಿ ಆಧಾರವಿಲ್ಲ.

ಹಾಗೆಂದು ಮೂರು ದ್ರಾವಿಡ ರೂಪಗಳನ್ನು ಪೂರ್ತಿ ಬಿಡಿಸಿಡುವುದೂ ಸಾಧ್ಯವಿಲ್ಲ. ‘ಸ್ಲೀ’ಯ ದೀರ್ಘ ಈಕಾರ ಮೂರರಲ್ಲಿಯೂ ಉಕಾರವಾಗಿರುವುದನ್ನು ಕಾಕತಾಳೀಯವೆನ್ನಲು ನಮಗೆ ಧೈರ್ಯವಿಲ್ಲ. ಒಗ್ಗಿದ ಒಂದು ದಕ್ಷಿಣದ ರೂಪ ಮೊದಲಿತ್ತು, ಅದರಲ್ಲಿ ಬಕಾರವಿತ್ತು, ಅದನ್ನು ಉಳಿಸಿದ್ದು ಕನ್ನಡ ಎಂಬುದು ನಮ್ಮ ಪಕ್ಷ. 1831ರಲ್ಲಿ ಕನ್ನಡ ಬೈಬಲನ್ನು ಪೂರ್ಣಗೊಳಿಸಿದ ಜಾನ್ ಹ್ಯಾಂಡ್ಸ್ ನೆಲೆಸಿದ್ದ ಬಳ್ಳಾರಿ, ತೆಲುಗು ದಿನವೂ ಕಿವಿಗೆ ಬೀಳುವ ಊರು. ಅಂಥ ನೆರೆಯಿದ್ದೂ ಬೈಬಲಿನ ಕನ್ನಡದಲ್ಲಿ ನೆಲೆನಿಂತದ್ದು ‘ಸಿಲುವ’ದ ವಕಾರವಲ್ಲ ಎಂಬುದು ಈ ಪಕ್ಷಕ್ಕೆ ಸಣ್ಣದಲ್ಲದ ಬಲ.

‘ಶೂಲ’ದೊಂದಿಗಿನ ನಾದಸಾಮ್ಯದ ಬಗ್ಗೆ ಒಂದು ಮಾತು. ವ್ಯುತ್ಪತ್ತಿಯಾಗಿ ಅದು ನಿಲ್ಲದು. ಬಳಕೆಯಲ್ಲಿ ಮಾತ್ರ ಅದರ ಕೈವಾಡ ಕಾಣುತ್ತದೆ: ‘ಶೂಲಕ್ಕೇರಿಸು’, ‘ಗಲ್ಲಿಗೇರಿಸು’ಗಳ ಅಚ್ಚಿನಲ್ಲಿಯೇ ‘ಶಿಲುಬೆಗೇರಿಸು’ ಎರಕಗೊಂಡಿದೆ. ತಪ್ಪಿಲ್ಲದವರ ಮೇಲೆ ಹೊರೆ ಹೊರಿಸುವುದನ್ನೂ ಈಗ ಅದೇ ಕ್ರಿಯಾಪದ ಸೂಚಿಸುತ್ತದೆ. ಎರವಲು ಪದ ಭಾಷೆಯ ಒಳಗೆ ಸಂಬಂಧ ಬೆಳೆಸುವ ಬಗೆ ಇದು. ನಿಘಂಟಿನ ನಮೂದಿನಲ್ಲಿ ‘ತಮಿಳಿನಿಂದ’ ಎಂಬ ಒಂದೇ ಪದದ ಬದಲು ‘ಸಿರಿಯಾಕ್ ಮೂಲ, ತಮಿಳು, ತೆಲುಗುಗಳಲ್ಲಿ ಸಮಾಂತರ ರೂಪಗಳು’ ಎಂದಿರಬೇಕೆಂದು ನಾವು ಕೇಳುವುದು ಆ ಬಕಾರಕ್ಕಾಗಿ.