ಕ್ಲಾವೆ ಬಂದರೆ ರುಂಬಾ ಬಂದಂತೆಯೇ?

ಕ್ಯೂಬಾದ ಸಂಗೀತವನ್ನು ಶಾಲಾಮಕ್ಕಳಿಗೆ ಪರಿಚಯಿಸುವವರು ಹೆಚ್ಚಾಗಿ ಕ್ಲಾವೆಯಿಂದಲೇ ಶುರುಮಾಡುತ್ತಾರೆ. ಎರಡು ಮರದ ಕೋಲು, ಐದು ಪೆಟ್ಟು. ಸ್ವಲ್ಪ ಹೊತ್ತಿಗೆಲ್ಲ ಇಡೀ ತರಗತಿ ಒಂದೇ ಲಯದಲ್ಲಿ ಬಡಿಯತೊಡಗುತ್ತದೆ, ಮೇಷ್ಟರಿಗೂ ಖುಷಿ. ಆದರೆ ಆ ಐದು ಪೆಟ್ಟಿನ ಸೊಗಸು ತಿಳಿಯುವುದು ಅದರ ಮೇಲೆ ಒಬ್ಬೊಬ್ಬರು ಒಂದೊಂದು ನುಡಿಸಿದಾಗ. ಎಲ್ಲರೂ ಅದನ್ನೇ ಬಡಿದರೆ ಅದು ಕವಾಯತು.

ಈ ಕ್ಲಾವೆಯ ಮೇಲೆ ನಿಂತ ಹಾಡು-ಕುಣಿತ ರುಂಬಾ. ಅದು ಬೆಳೆದದ್ದು 19ನೇ ಶತಮಾನದ ಹವಾನಾ, ಮತಾಂಸಾಸ್ ನಗರಗಳ ವಠಾರದ ಅಂಗಳಗಳಲ್ಲಿ. ಬೆಳೆಸಿದವರು ಬಹುಪಾಲು ಆಫ್ರಿಕನ್ ಮೂಲದ ಬಡವರು, ಬಂದರಿನ ಕೂಲಿಗಳು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದೇ 1886ರಲ್ಲಿ. ಡೋಲು ಸಿಗದಿದ್ದರೆ ಒಣಮೀನು ತುಂಬಿಸಿ ತಂದ ಮರದ ಪೆಟ್ಟಿಗೆಯೇ ವಾದ್ಯ. ಈಗಿನ ರೂಢಿಯಲ್ಲಿ ಡೋಲು ಮೂರು. ದಪ್ಪ ದನಿಯ ಎರಡು ಹೆಚ್ಚಾಗಿ ತಮ್ಮ ಲಯ ಬಿಟ್ಟು ಕದಲುವುದಿಲ್ಲ. ಕೀರಲು ದನಿಯ ಕಿಂಟೊ ಮಾತ್ರ ಕುಣಿಯುವವರ ಕಾಲು, ಭುಜ ನೋಡುತ್ತಾ ಅವರನ್ನು ಕೆಣಕುತ್ತದೆ, ಅವರು ಕೆಣಕಿದರೆ ತಿರುಗಿ ಉತ್ತರ ಕೊಡುತ್ತದೆ. ಧ್ವನಿಮುದ್ರಿಕೆ ಹಾಕಿ ಹೆಜ್ಜೆ ಕಲಿಸುವಲ್ಲಿ ಕಳೆದುಹೋಗುವುದು ಇದೇ. ಮಗು ಏನು ಮಾಡಿದರೂ ಸ್ಪೀಕರ್ ತನ್ನ ಪಾಡಿಗೆ ತಾನು ನುಡಿಯುತ್ತಿರುತ್ತದೆ.

ಹಾಗೆಂದು ದೂರನ್ನೆಲ್ಲ ಶಾಲೆಯ ತಲೆಗೆ ಕಟ್ಟುವುದು ಸರಿಯಲ್ಲ. ಕ್ಯೂಬಾದಲ್ಲೇ 1962ರಲ್ಲಿ ರಾಷ್ಟ್ರೀಯ ಜಾನಪದ ತಂಡ ಕಟ್ಟಿದಾಗ, ಸ್ಥಾಪಕರಲ್ಲೊಬ್ಬರಾದ ರೊಹೆಲಿಯೊ ಮಾರ್ತಿನೇಸ್ ಫುರೆ ಮತ್ತು ಸಂಗಡಿಗರು ಅಂಗಳದ ಕಲಾವಿದರನ್ನೇ ರಂಗಕ್ಕೆ ಕರೆತಂದರು. ಬಹುಕಾಲ ತಿರಸ್ಕಾರ ಉಂಡಿದ್ದ ಕಲೆಗೆ ಅದರಿಂದ ಬಂದ ಮರ್ಯಾದೆ ಸಣ್ಣದಲ್ಲ. ಆದರೆ ಸುತ್ತುವರಿದು ನಿಂತವರು ಎದುರು ಕೂತ ಪ್ರೇಕ್ಷಕರಾದರು, ಕುಣಿತಕ್ಕೆ ನಿಮಿಷದ ಲೆಕ್ಕ ಬಂತು. ಶಾಲಾ ಕಾರ್ಯಕ್ರಮಗಳು ನಕಲು ಮಾಡುವುದು ಈ ರಂಗರೂಪವನ್ನೇ, ಅದೂ ಅದರ ಹಿಂದಿನ ಅನುಭವಿ ಕಲಾವಿದರಿಲ್ಲದೆ. ಅತ್ತ ಹವಾನಾದ ರಾಷ್ಟ್ರೀಯ ಕಲಾಶಾಲೆ ಎದ್ದದ್ದು ಸಿರಿವಂತರ ಹಳೆಯ ಗಾಲ್ಫ್ ಮೈದಾನದಲ್ಲಿ. ಕ್ಯೂಬಾ ಕ್ರಾಂತಿಯ ಕೂಸೇ ಆದರೂ ಅಲ್ಲಿನ ಸಂಗೀತ ಪಾಠ ಬಹುಕಾಲ ಯುರೋಪಿನ ಶಾಸ್ತ್ರೀಯ ಕ್ರಮವನ್ನೇ ಹಿಡಿದಿತ್ತು. ಜನಪ್ರಿಯ ಸಂಗೀತವನ್ನು ವಿದ್ಯಾರ್ಥಿಗಳು ತರಗತಿಯ ಹೊರಗೆ ಕಲಿತರು.

ಇನ್ನು ಮುಜುಗರದ ಮಾತು. ರುಂಬಾದ ಒಂದು ಬಗೆ ಗ್ವಾಗ್ವಾಂಕೊ. ಅದರಲ್ಲಿ ಗಂಡು ಹೆಣ್ಣಿನತ್ತ ಥಟ್ಟನೆ ಒಂದು ಕಾಮಸೂಚಕ ಸನ್ನೆ ಎಸೆಯುತ್ತಾನೆ. ಆಕೆ ಲಂಗದಿಂದಲೋ ಕೈಯಿಂದಲೋ ಮರೆಮಾಡಿಕೊಂಡು ತಪ್ಪಿಸುತ್ತಾಳೆ. ಇಡೀ ಕುಣಿತದ ಚುರುಕು ಆ ಬೇಟೆಯಲ್ಲಿದೆ. ಶಾಲೆಗಾಗಿ ಸನ್ನೆಯನ್ನು ಕತ್ತರಿಸಿದರೆ ಉಳಿಯುವುದು ಕಾರಣವಿಲ್ಲದೆ ಲಂಗ ಬೀಸುವ ಹುಡುಗಿಯರು. ಕತ್ತರಿ ಹಾಕುವ ಬದಲು ರುಂಬಾದ ಇನ್ನೊಂದು ಬಗೆಯಾದ ಯಾಂಬು ಕಲಿಸಬಹುದು. ಅದೂ ಜೋಡಿ ಕುಣಿತವೇ, ನಿಧಾನದ ನಡೆ, ಮುದುಕರ ಗತ್ತನ್ನು ಅನುಕರಿಸುವ ತುಂಟತನ. ಆ ಸನ್ನೆ ಮಾತ್ರ ಅದರಲ್ಲಿ ಇಲ್ಲವೇ ಇಲ್ಲ. ಪರಂಪರೆಯೇ ದಾರಿ ಇಟ್ಟಿರುವಾಗ ನಾವೇಕೆ ತಿದ್ದಬೇಕು?

ಹವಾನಾದ ಕ್ಲಬ್ಬುಗಳಲ್ಲಿ 1950ರ ದಶಕದಲ್ಲಿ ರೂಪುಗೊಂಡ ರುಯೆದಾ ದೆ ಕಸಿನೊ ಎಂಬ ಗುಂಪು ಕುಣಿತ ಕೂಡ ಮಕ್ಕಳಿಗೆ ಒಗ್ಗುತ್ತದೆ. ಒಬ್ಬರು ಕೂಗಿದಂತೆ ವೃತ್ತದ ಜೋಡಿಗಳು ಬದಲಾಗುತ್ತವೆ. ಗಮನ ತಪ್ಪಿದವರು ಒಂಟಿ.

ನನ್ನ ಒಲವು ಮಾತ್ರ ಪೂರ್ವ ಕ್ಯೂಬಾದ ಸೋನ್ ಎಂಬ ಹಾಡಿನ ಬಗೆಯ ಕಡೆಗೆ. ಅದರ ಕೊನೆಯ ಭಾಗದಲ್ಲಿ ಮೇಳ ಒಂದೇ ಸಾಲನ್ನು ಹಿಡಿದು ಹಾಡುತ್ತದೆ, ಮುಖ್ಯ ಗಾಯಕ ನಡುನಡುವೆ ಆ ಕ್ಷಣಕ್ಕೆ ಹೊಳೆದದ್ದನ್ನು ಸೇರಿಸುತ್ತಾನೆ. ಮೇಳದ ಸಾಲು ಸ್ಪ್ಯಾನಿಷ್‌ನಲ್ಲೇ ಇರಲಿ, ನಡುವಿನದನ್ನು ಮಗು ತನ್ನ ಮನೆಮಾತಿನಲ್ಲಿ ಕಟ್ಟಬಹುದು. ಅದಕ್ಕೆ ವೇಷವೂ ಬೇಡ, ವಾರ್ಷಿಕೋತ್ಸವದ ವೇದಿಕೆಯೂ ಬೇಡ.