ಪಾಲಿಶ್ ಕಾಣುತ್ತದೆ, ಸೀಲು ಕಾಣುವುದಿಲ್ಲ

ಶಿಕಾರಿಪುರ, ಸೊರಬದ ಕಡೆ ಯಾರದಾದರೂ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಕೂತ ಯೆಜ್ಡಿ ಬೈಕು ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ಗಾಡಿ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಪ್ಪ ಓಡಿಸಿದ ಗಾಡಿಯ ಎಂಜಿನ್ನನ್ನು ಮಗ ಜಗುಲಿಯಲ್ಲಿ ಬಿಚ್ಚಿ ಕೂಡಿಸುವುದು ಈಗ ಒಂದು ಹುಚ್ಚು. ಒಳ್ಳೆಯ ಹುಚ್ಚೇ. ಆದರೆ ‘ಎಲ್ಲಾ ಮನೇಲೇ ಮಾಡಿದ್ದು’ ಎಂದರೆ ನಾನು ಅರ್ಧ ಮಾತ್ರ ನಂಬುತ್ತೇನೆ.

ಬಿಚ್ಚುವ ಕೆಲಸಕ್ಕೆ ಮನೆಯೇ ಸರಿ. ಗ್ಯಾರೇಜಿನಲ್ಲಿ ಅವಸರ, ಜಗ್ಗದ ನಟ್ಟಿಗೆ ಉಳಿ, ಸುತ್ತಿಗೆ. ಮನೆಯಲ್ಲಾದರೆ ಎಣ್ಣೆ ಬಿಟ್ಟು ಎರಡು ದಿನ ಕಾಯಬಹುದು. ಪ್ರತಿ ವಾಷರಿನ ಜಾಗವನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಡೀಸೆಲ್‌ನಲ್ಲಿ ತೊಳೆದು, ತಟ್ಟೆಯಲ್ಲಿ ಸಾಲಾಗಿ ಇಡಬಹುದು. ಕೇಸನ್ನು ಬಿಸಿ ಮಾಡಿದರೆ ಬೇರಿಂಗು ಹೊಡೆತವಿಲ್ಲದೆ ಕಳಚಿ ಬರುತ್ತದೆ ಎಂಬುದನ್ನು ಕಲಿಸುವುದೂ ಈ ತಾಳ್ಮೆಯೇ.

ಕ್ರ್ಯಾಂಕು ಹೊರಗೆ ಬಂದ ಮೇಲೆ ಜಗುಲಿಯ ಮಿತಿ ಗೊತ್ತಾಗುತ್ತದೆ. ಎರಡು ಚಕ್ರ, ನಡುವೆ ಒಂದು ಪಿನ್ನು, ಒತ್ತಿ ಕೂಡಿಸಿದ್ದು. ರಾಡು ಬದಲಿಸಬೇಕೆಂದರೆ ಪ್ರೆಸ್ಸು ಬೇಕು. ಮತ್ತೆ ಕೂಡಿಸಿದ ಮೇಲೆ ಡಯಲ್ ಗೇಜಿನಲ್ಲಿ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ನೇರ ನೋಡಬೇಕು. ಸುತ್ತಿಗೆಯಲ್ಲಿ ಕೂಡಿಸಿದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಮೋಸ ಇರುವುದು ಅಲ್ಲೇ. ಆಮೇಲೆ ನಡುಗಿ ನಡುಗಿ ಹೊಸ ಬೇರಿಂಗನ್ನು ತಿಂದು ಹಾಕುತ್ತದೆ. 65 ಮಿ.ಮೀ. ಬೋರಿನ ಸವೆತವೂ ಮರಳು ಕಾಗದದಿಂದ ಹೋಗುವುದಿಲ್ಲ. ಲೇತ್‌ನವನ ಹತ್ತಿರ ಒಯ್ಯುವುದೇ ಸೈ. ಸೊರಬದ ಗುಡಿಗಾರರ ಗಂಧದ ಕೆತ್ತನೆ ಕಂಡವರಿಗೆ ನವಿರು ಕೈಕೆಲಸ ಹೊಸದಲ್ಲ. ಆದರೆ ಉಳಿ ತಪ್ಪಿದರೆ ಮರದ ಮೇಲೆ ಕಾಣುತ್ತದೆ, ಕ್ರ್ಯಾಂಕು ಓರೆಯಾದರೆ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಸೀಲು. ಈ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಕೋಣೆಯೇ ಗಾಳಿ-ಪೆಟ್ರೋಲ್ ಎಳೆಯುವ ಪಂಪು. ಕ್ಲಚ್ಚಿನ ಕಡೆ ಸೀಲು ಬಿಟ್ಟರೆ ಎಣ್ಣೆ ಒಳಗೆಳೆದು ಬಿಳಿ ಹೊಗೆ. ಡೈನಮೊ ಕಡೆ ಬಿಟ್ಟರೆ ಬರೀ ಗಾಳಿ, ಕಾದ ಎಂಜಿನ್, ಇಳಿಯದ ಐಡ್ಲಿಂಗು. ಕೇಸಿಗೆ ಕನ್ನಡಿಯಂತೆ ಪಾಲಿಶ್ ಮಾಡಿಸಿ ಹಳೇ ಸೀಲನ್ನೇ ಮತ್ತೆ ಹಾಕಿದ ಗಾಡಿಗಳನ್ನು ನೋಡಿದ್ದೇನೆ. ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಈ ಕಡೆಯ ಮಳೆಗಾಲ ಇನ್ನೂ ಕಟ್ಟುನಿಟ್ಟಿನ ಪರೀಕ್ಷಕ. ಕ್ರ್ಯಾಂಕಿನ ಬೇರಿಂಗಿಗೆ ಪೆಟ್ರೋಲಿನ ಜೊತೆ ಬರುವ ಎಣ್ಣೆಯೇ ಗತಿ. ಜೂನ್‌ನಲ್ಲಿ ನಿಲ್ಲಿಸಿ ದೀಪಾವಳಿಗೆ ತೆಗೆದರೆ ತೇವ ಒಳಗಿಳಿದು ಗುಂಡುಗಳಿಗೆ ತುಕ್ಕು ಹತ್ತಿರುತ್ತದೆ. ಮೆರವಣಿಗೆಗೆಂದೇ ಕಟ್ಟಿದ ಎಂಜಿನ್ನು ಹಾಳಾಗುವುದು ಹೀಗೆಯೇ. ಇನ್ನು ಬಿಡಿಭಾಗ. 2018ರಲ್ಲಿ ಮರಳಿ ಬಂದ ಜಾವಾ ಫೋರ್ ಸ್ಟ್ರೋಕು, ಅದರ ಎಂಜಿನ್ ಸಾಮಾನು ಹಳೇ ಗಾಡಿಗೆ ಆಗಿಬರುವುದಿಲ್ಲ. ಹಾಗಾಗಿ ಸವೆಯದ ಹಳೇ ಭಾಗವನ್ನು ಹೊಸದರ ಆಸೆಗೆ ಎಸೆಯುವುದು ದಡ್ಡತನ.

ಯಾರಾದರೂ ಕರೆದು ತೋರಿಸಿದರೆ ನಾನು ಕೇಳುವುದು ಇಷ್ಟೇ: ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ಓಡಿಸಿ, ಎಂಜಿನ್ ಕಾದಿರುವಾಗಲೇ ಪ್ಲಗ್ಗು ಬಿಚ್ಚಿ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಟ್ಯಾಂಕಿನ ಬಣ್ಣದ ಬಗ್ಗೆ ಆಮೇಲೆ ಮಾತಾಡೋಣ.